ಬಳ್ಳಾರಿಯ ರಸ್ತೆಗೆ ಎಂಥ ಕಾಯಿಲೋವರ್ ಹೊಂದುತ್ತದೆ? — ಪ್ರಶ್ನೋತ್ತರ

ಪ್ರಶ್ನೆ (ಬಳ್ಳಾರಿಯಿಂದ):
ಅಣ್ಣನವರಿಗೆ ನಮಸ್ಕಾರ. ನನ್ನದು 2017ರ ಪೋಲೊ ಜಿಟಿ ಟಿಎಸ್‌ಐ ಕಾರು, ಇದುವರೆಗೆ 92,000 ಕಿಲೋಮೀಟರ್ ಓಡಿದೆ. ವಾರಕ್ಕೆ ಆರು ದಿನ ಬಳ್ಳಾರಿಯಿಂದ ತೋರಣಗಲ್ಲಿಗೆ ಕೆಲಸಕ್ಕೆ ಹೋಗಿ ಬರುತ್ತೇನೆ. ತಿಂಗಳಿಗೊಮ್ಮೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಅಂಜನಾದ್ರಿಗೋ ಮಂತ್ರಾಲಯಕ್ಕೋ ಹೋಗುವುದುಂಟು. ತಿರುವಿನಲ್ಲಿ ಗಾಡಿ ವಾಲುತ್ತದೆ, ಅದಿರು ಲಾರಿಗಳನ್ನು ಹಿಂದಿಕ್ಕುವಾಗ ಹಿಂಭಾಗ ತೇಲಿದಂತಾಗುತ್ತದೆ. ಆದ್ದರಿಂದ ಕಾಯಿಲೋವರ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಜೋಡಣೆಯಲ್ಲಿದ್ದು, ಎತ್ತರ ಬದಲಿಸಬಹುದಾದ ಭಾಗ) ಹಾಕಿಸಬೇಕೆಂದಿದ್ದೇನೆ. ಒಂದು ಕಿಟ್‌ನಲ್ಲಿ ಶಾಕ್ ಅಬ್ಸಾರ್ಬರ್‌ನ ಬಿಗಿಗೆ 32 ಕ್ಲಿಕ್‌ಗಳ ಹೊಂದಾಣಿಕೆ ಇದ್ದು, ಗಾಡಿಯನ್ನು 60 ಮಿಲಿಮೀಟರ್ ತಗ್ಗಿಸಬಹುದಂತೆ. ಮುಂದಿನ ಸ್ಪ್ರಿಂಗ್ ಪ್ರತಿ ಮಿಲಿಮೀಟರಿಗೆ 8 ಕೆಜಿ, ಅಂದರೆ ಅದನ್ನು ಒಂದು ಮಿಲಿಮೀಟರ್ ಒತ್ತಲು 8 ಕೆಜಿ ತೂಕ ಬೇಕು. ಇನ್ನೊಂದರಲ್ಲಿ ಎತ್ತರವನ್ನು ಮಾತ್ರ ಬದಲಿಸಬಹುದು, ಸ್ಪ್ರಿಂಗ್ 4 ಕೆಜಿ. ಬೆಲೆಯಲ್ಲಿ ಹೆಚ್ಚು ಅಂತರವಿಲ್ಲ. ಹೊಂದಾಣಿಕೆ ಹೆಚ್ಚಿರುವುದನ್ನೇ ಕೊಳ್ಳುವುದು ಜಾಣತನವಲ್ಲವೇ?

ಉತ್ತರ:
ನಮಸ್ಕಾರ. ಕಿಟ್‌ನ ಮಾತಿಗೆ ಮೊದಲು ನಿಮ್ಮ ಗಾಡಿಯ ಮಾತು ಆಡೋಣ. ನಮ್ಮ ರಸ್ತೆಗಳಲ್ಲಿ 92,000 ಕಿಲೋಮೀಟರ್ ದುಡಿದ ಶಾಕ್ ಅಬ್ಸಾರ್ಬರ್‌ನಲ್ಲಿ ಹಳೆಯ ಬಿಗಿ ಉಳಿದಿರುವುದು ಅಪರೂಪ. ಅದು ಒಮ್ಮೆಲೇ ಕೆಡುವುದಿಲ್ಲ. ದಿನಕ್ಕಿಷ್ಟು ಸಡಿಲಾಗುತ್ತಾ ಹೋಗುವುದರಿಂದ ಓಡಿಸುವವರಿಗೆ ತಿಳಿಯುವುದೇ ಇಲ್ಲ. ಹಿಂಭಾಗ ತೇಲುವುದಕ್ಕೆ ಬಹುಶಃ ಇದೇ ಕಾರಣ. ಲೋವರ್ ಆರ್ಮ್‌ನ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು) ಬುಷ್ (ಕೀಲಿನ ರಬ್ಬರ್), ಲಿಂಕ್ ರಾಡ್, ಟಾಪ್ ಮೌಂಟ್ ಮತ್ತು ಹಿಂದಿನ ಆಕ್ಸಲ್‌ನ ಬುಷ್‌ಗಳನ್ನು ಪರೀಕ್ಷಿಸಿ, ಸವೆದವುಗಳ ಜೊತೆ ನಾಲ್ಕೂ ಶಾಕ್ ಅಬ್ಸಾರ್ಬರ್‌ಗಳನ್ನು ಬದಲಿಸಿ ಒಂದು ತಿಂಗಳು ಓಡಿಸಿ ನೋಡಿ. ಹೀಗೆ ಹೇಳಿ ಕಳುಹಿಸಿದವರಲ್ಲಿ ಕೆಲವರು ಮತ್ತೆ ಕಾಯಿಲೋವರ್ ಕೇಳಿಕೊಂಡು ಬರಲಿಲ್ಲ. ಅವರ ಹಣ ಉಳಿದದ್ದಕ್ಕೆ ನನಗೆ ಸಂತೋಷವೇ ಇದೆ. ಕಾಯಿಲೋವರ್ ಹಾಕಿಸುವುದೇ ಖಚಿತವಾದರೂ ಬುಷ್‌ಗಳ ಕೆಲಸ ಮೊದಲು ಮುಗಿಯಲೇಬೇಕು, ಏಕೆಂದರೆ ಸವೆದ ಬುಷ್ ಉಳಿದರೆ ಗಟ್ಟಿ ಸ್ಪ್ರಿಂಗ್ ಅದರ ಸದ್ದನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಇನ್ನು ನೀವು ಕೇಳಿದ ಎರಡು ಕಿಟ್‌ಗಳು. ಕೊಳ್ಳುವವರು ಮೊದಲು ಎಷ್ಟು ತಗ್ಗುತ್ತದೆ, ಎಷ್ಟು ಕ್ಲಿಕ್ ಇವೆ ಎಂದು ಕೇಳುತ್ತಾರೆ. ಕೇಳಬೇಕಾದದ್ದು, ಗಾಡಿ ತುಂಬಿದಾಗ ಚಕ್ರ ಮೇಲಕ್ಕೆ ಚಲಿಸಲು ಎಷ್ಟು ಜಾಗ ಉಳಿಯುತ್ತದೆ ಎಂಬುದನ್ನು. ರಸ್ತೆಯ ಗುಂಡಿಯನ್ನು ನುಂಗುವುದು ಆ ಜಾಗವೇ. ಅದು ಮುಗಿದರೆ ಬಂಪ್ ಸ್ಟಾಪರ್ ಎಂಬ ರಬ್ಬರ್ ತಡೆ ತಗಲುತ್ತದೆ, ಆಗ ಹೊಡೆತ ನೇರವಾಗಿ ಬಾಡಿಗೆ ಬೀಳುತ್ತದೆ.

ಎತ್ತರ ಬದಲಿಸುವ ವಿಧಾನದಲ್ಲಿ ಎರಡು ಬಗೆ ಇವೆ. ಒಂದರಲ್ಲಿ ಸ್ಪ್ರಿಂಗ್ ಕುಳಿತ ಕಾಲರನ್ನು ಥ್ರೆಡ್ ಮೇಲೆ ತಿರುಗಿಸಿ ಕೆಳಗಿಳಿಸುತ್ತಾರೆ. ಇದರಲ್ಲಿ ಗಾಡಿ ಎಷ್ಟು ತಗ್ಗುತ್ತದೆಯೋ ಚಕ್ರ ಮೇಲೇರುವ ಜಾಗವೂ ಹೆಚ್ಚುಕಡಿಮೆ ಅಷ್ಟೇ ಕಡಿಮೆಯಾಗುತ್ತದೆ, ಅತಿಯಾಗಿ ಇಳಿಸಿದರೆ ಜ್ಯಾಕ್ ಎತ್ತಿದಾಗ ಸ್ಪ್ರಿಂಗ್ ತನ್ನ ಜಾಗದಲ್ಲಿ ಸಡಿಲವಾಗುವುದೂ ಉಂಟು. ಇನ್ನೊಂದರಲ್ಲಿ ಕೆಳಗಿನ ಬ್ರಾಕೆಟ್ ಕೂಡ ತಿರುಗುವುದರಿಂದ ಶಾಕ್ ಅಬ್ಸಾರ್ಬರ್‌ನ ಒಟ್ಟು ಉದ್ದವೇ ಬದಲಾಗುತ್ತದೆ, ಒಳಗಿನ ಪಿಸ್ಟನ್‌ನ ಓಡಾಟ ಹಾಗೆಯೇ ಉಳಿಯುತ್ತದೆ. ಎರಡನೆಯದು ಮೇಲು, ಆದರೆ ಅದರಲ್ಲೂ ಟೈರು ಮಡ್‌ಗಾರ್ಡಿಗೆ ತಗಲುವ ಮಿತಿ ಇದ್ದೇ ಇದೆ. ಮೊದಲನೆಯ ಬಗೆಯನ್ನು ಕೊಂಡವರು ಕಾಲರನ್ನು ಮೇಲೇರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ನಂಬಿರುತ್ತಾರೆ. ಸುತ್ತುಗಳ ಅಂತರ ಸಮನಾಗಿರುವ ಸ್ಪ್ರಿಂಗ್‌ನಲ್ಲಿ ಹಾಗಾಗುವುದಿಲ್ಲ. ಗಾಡಿ ಮೇಲೇಳುತ್ತದೆ ಅಷ್ಟೆ.

ನಿಮ್ಮ ಪೋಲೊದ ಹಿಂಭಾಗದಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಅಬ್ಸಾರ್ಬರ್ ಬೇರೆ ಇರುವುದರಿಂದ, ಕಿಟ್ ಎಂದು ಮಾರುವುದರಲ್ಲಿ ಮುಂದಿನ ಎರಡು ಮಾತ್ರ ನಿಜವಾದ ಕಾಯಿಲೋವರ್. ಹಿಂದೆ ಸ್ಪ್ರಿಂಗ್‌ಗೆ ಎತ್ತರ ಬದಲಿಸುವ ಒಂದು ಪೀಠ ಕೊಟ್ಟಿರುತ್ತಾರೆ. ನಾಲ್ಕೈದು ಜನರ ತೂಕ ಬೀಳುವುದು ಬಹುಪಾಲು ಹಿಂಭಾಗದ ಮೇಲೆ. ಹಾಗಾಗಿ ಹಿಂದಿನ ಸ್ಪ್ರಿಂಗ್ ಎಷ್ಟು ಹೊರಬಲ್ಲದು ಎಂಬುದನ್ನು ಮಾರುವವರಿಂದ ಬರಹದಲ್ಲಿ ಪಡೆಯಿರಿ.

ಈಗ 8 ಕೆಜಿ ಮತ್ತು 4 ಕೆಜಿ. ಮುಂದಿನ ಒಂದು ಚಕ್ರದ ಸ್ಪ್ರಿಂಗ್ ಹೊರುವ ತೂಕವನ್ನು ಸುಮಾರು 340 ಕೆಜಿ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಪ್ರತಿ ಮಿಲಿಮೀಟರಿಗೆ 2 ಕೆಜಿಯ ಸ್ಪ್ರಿಂಗ್ ಮೇಲೆ ಗಾಡಿ ಸೆಕೆಂಡಿಗೆ ಸುಮಾರು 1.2 ಬಾರಿ ತೂಗುತ್ತದೆ, 4 ಕೆಜಿಗೆ 1.7 ಬಾರಿ, 8 ಕೆಜಿಗೆ 2.4 ಬಾರಿ. ಕುಟುಂಬದ ಕಾರುಗಳು ಸಾಮಾನ್ಯವಾಗಿ 1ರಿಂದ 1.5ರೊಳಗೆ ಇರುತ್ತವೆ, ಚುರುಕಾಗಿ ಓಡಿಸಲೆಂದೇ ಕಟ್ಟಿದ ರಸ್ತೆಯ ಕಾರುಗಳು 2ರವರೆಗೆ ಹೋಗುತ್ತವೆ. ಅದನ್ನು ದಾಟಿದ್ದು ರೇಸ್ ಟ್ರ್ಯಾಕಿನಂಥ ನುಣುಪು ನೆಲಕ್ಕೆ. 8 ಕೆಜಿಯ ಸ್ಪ್ರಿಂಗ್ ತೋರಣಗಲ್ಲಿನ ದಾರಿಯಲ್ಲಿ ಸಣ್ಣ ತಗ್ಗಿಗೂ ಚಕ್ರವನ್ನು ನೆಲದಿಂದ ಎಬ್ಬಿಸುತ್ತದೆ, ನೆಲ ಬಿಟ್ಟ ಟೈರಿಗೆ ಹಿಡಿತವಿರುವುದಿಲ್ಲ. ಬಿರುಸು ಎಂದು ಅನಿಸುವುದೆಲ್ಲ ಹಿಡಿತವಲ್ಲ ಎಂಬುದನ್ನು ದಯವಿಟ್ಟು ನೆನಪಿಡಿ.

60 ಮಿಲಿಮೀಟರ್ ತಗ್ಗಿಸುವ ಆಸೆಯನ್ನು ಬಿಟ್ಟುಬಿಡಿ ಎಂದೇ ನಾನು ಕೇಳಿಕೊಳ್ಳುತ್ತೇನೆ. ನಿಮ್ಮ ಗಾಡಿಯ ಗ್ರೌಂಡ್ ಕ್ಲಿಯರೆನ್ಸ್ ಸುಮಾರು 165 ಮಿಲಿಮೀಟರ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಸಾಮಾನ್ಯ ಹಂಪು 3.7 ಮೀಟರ್ ಅಗಲ, 100 ಮಿಲಿಮೀಟರ್ ಎತ್ತರದ್ದು. ಊರವರು ತಾವೇ ರಾತ್ರೋರಾತ್ರಿ ಹಾಕಿದ ಹಂಪುಗಳು ಆ ಅಳತೆಯನ್ನು ಕಂಡೇ ಇಲ್ಲ. ಐದು ಜನ ಕುಳಿತು ಹಿಂಭಾಗ ಕುಸಿದಾಗ ಉಳಿಯುವ ಅಂತರವನ್ನು ನೀವೇ ಲೆಕ್ಕ ಹಾಕಿ. ಇನ್ನೂ ಒಂದು ಕಾರಣವಿದೆ, ಅದನ್ನು ಮಾರುವವರು ಹೇಳುವುದು ಕಡಿಮೆ. ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಅಂದರೆ ಚಕ್ರವನ್ನು ಕೆಳಗೆ ಲೋವರ್ ಆರ್ಮ್, ಮೇಲೆ ಶಾಕ್ ಅಬ್ಸಾರ್ಬರ್ ಹಿಡಿದಿರುವ ವ್ಯವಸ್ಥೆ. ಗಾಡಿ ತಗ್ಗಿದಂತೆ ಲೋವರ್ ಆರ್ಮ್‌ನ ಚಕ್ರದ ಕಡೆಯ ತುದಿ ಮೇಲೇರಿ, ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದು ಗಾಡಿಯ ತೂಕದ ಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರವೇ ಗಾಡಿಯನ್ನು ವಾಲಿಸುವ ಸನ್ನೆಯಾದ್ದರಿಂದ, ಅತಿಯಾಗಿ ತಗ್ಗಿಸಿದ ಗಾಡಿ ತಿರುವಿನಲ್ಲಿ ಮೊದಲಿಗಿಂತ ಹೆಚ್ಚು ವಾಲಲು ಹವಣಿಸುತ್ತದೆ. ಅದನ್ನು ತಡೆಯಲು ಮತ್ತೂ ಗಟ್ಟಿ ಸ್ಪ್ರಿಂಗ್ ಬೇಕಾಗುತ್ತದೆ.

ಹಾಗಾಗಿ ನನ್ನ ಸಲಹೆ 4 ಕೆಜಿಯ ಕಿಟ್, ಎತ್ತರದಲ್ಲಿ 20 ಮಿಲಿಮೀಟರಿಗಿಂತ ಹೆಚ್ಚು ಇಳಿಸದೆ. ಕ್ಲಿಕ್ ಇಲ್ಲದಿದ್ದರೂ ಚಿಂತೆಯಿಲ್ಲ. ಕೆಡಬ್ಲ್ಯೂ ಕಂಪನಿಯ ವೇರಿಯೆಂಟ್ 1 ಮತ್ತು ಬಿಲ್‌ಸ್ಟೈನ್ ಬಿ14 ಎರಡರಲ್ಲೂ ಎತ್ತರ ಮಾತ್ರ ಬದಲಾಗುತ್ತದೆ. ಡ್ಯಾಂಪಿಂಗ್ ಅನ್ನು, ಅಂದರೆ ತೂಗಾಟ ಅಡಗಿಸುವ ಬಿಗಿಯನ್ನು, ಸ್ಪ್ರಿಂಗ್‌ಗೆ ಹೊಂದುವಂತೆ ಕಾರ್ಖಾನೆಯಲ್ಲೇ ಕೂರಿಸಿರುತ್ತಾರೆ. ತಪ್ಪಾದ ಸ್ಪ್ರಿಂಗ್ ಅನ್ನು ಯಾವ ಕ್ಲಿಕ್ ಕೂಡ ಸರಿಪಡಿಸಲಾರದು.

ಅದೇ ಪ್ರಶ್ನಕರ್ತರು:
ಬಹಳ ಉಪಕಾರವಾಯಿತು ಅಣ್ಣನವರೇ. ಒಂದು ವೇಳೆ ಕ್ಲಿಕ್ ಇರುವುದನ್ನೇ ಮುಂದೆ ಕೊಂಡರೆ, ಅದನ್ನು ಹೊಂದಿಸುವ ಕ್ರಮವನ್ನು ತಿಳಿಸಿ.

ಉತ್ತರ:
ಒಂದೇ ತಿರುಪು ಇರುವ ಕಿಟ್‌ಗಳಲ್ಲಿ ಅದು ಬಹುಮಟ್ಟಿಗೆ ರಿಬೌಂಡ್ ಅನ್ನು, ಅಂದರೆ ಒತ್ತಿದ ಸ್ಪ್ರಿಂಗ್ ಮರಳಿ ಹಿಗ್ಗುವ ವೇಗವನ್ನು ಹಿಡಿಯುತ್ತದೆ, ಜೊತೆಗೆ ಕಂಪ್ರೆಷನ್, ಅಂದರೆ ಸ್ಪ್ರಿಂಗ್ ಒತ್ತುವಾಗಿನ ಬಿಗಿ ಕೂಡ ಸ್ವಲ್ಪ ಬದಲಾಗುವುದುಂಟು. ಪೂರ್ತಿ ಬಿಗಿಯಾದ ತುದಿಯಿಂದ ಹಿಂದಕ್ಕೆ ಎಣಿಸಿ ಬರೆದಿಟ್ಟುಕೊಳ್ಳಿ. ಎಡಕ್ಕೂ ಬಲಕ್ಕೂ ಒಂದೇ ಎಣಿಕೆ ಇರಲಿ. ನಡುಮಧ್ಯದಿಂದ ಆರಂಭಿಸಿ, ಒಂದು ಸಲಕ್ಕೆ ಎರಡು ಕ್ಲಿಕ್ ಮಾತ್ರ ಬದಲಿಸಿ, ಪ್ರತಿ ಬಾರಿಯೂ ಅದೇ ದಾರಿಯಲ್ಲಿ ಅದೇ ವೇಗದಲ್ಲಿ ಓಡಿಸಿ ನೋಡಿ. ಹಂಪು ದಾಟಿದ ಮೇಲೆ ಗಾಡಿ ಎರಡು ಮೂರು ಸಲ ತೂಗಿದರೆ ಬಿಗಿ ಸಾಲದು. ಸಾಲಾಗಿ ಹಾಕಿದ ಸಣ್ಣ ಹಂಪುಗಳ ಮೇಲೆ ಹೋಗುವಾಗ ಗಾಡಿ ಒಂದೊಂದಕ್ಕೂ ಇನ್ನಷ್ಟು ಕೆಳಗೆ ಕೂರುತ್ತಾ ಹೋದರೆ ಬಿಗಿ ಅತಿಯಾಗಿದೆ, ಏಕೆಂದರೆ ಒತ್ತಿದ ಸ್ಪ್ರಿಂಗ್ ಮುಂದಿನ ಏಟಿನೊಳಗೆ ಹಿಗ್ಗಲು ಆಗುತ್ತಿಲ್ಲ. ಗಟ್ಟಿಯಾದರೆ ಗಾಡಿ ಚೆನ್ನಾಗಿ ನಿಲ್ಲುತ್ತದೆ ಎಂದು ಕೊನೆಯವರೆಗೂ ಬಿಗಿದು ಬರುವವರು ಎದುರಿಸುತ್ತಿರುವುದು ಈ ತೊಂದರೆಯನ್ನೇ.

ಪ್ರಶ್ನೆ (ಸಿಂಧನೂರಿನಿಂದ):
ಸರ್, ನಮ್ಮ ಕಡೆ ಎರೆಭೂಮಿ. ಗುಂಡಿ ಇಲ್ಲದ ಡಾಂಬರು ರಸ್ತೆಯಲ್ಲೂ ಅಲೆ ಅಲೆಯಾಗಿ ಗಾಡಿ ಎಗರುತ್ತದೆ. ಗೆಳೆಯನ ಕಾರಿಗೆ ಗಟ್ಟಿ ಕಾಯಿಲೋವರ್ ಹಾಕಿಸಿದ ಮೇಲೆ 80ರ ವೇಗದಲ್ಲಿ ಅದು ಇನ್ನೂ ಕೆಟ್ಟದಾಗಿದೆ. ಹೀಗೇಕೆ?

ಉತ್ತರ:
ನೀವು ಗಮನಿಸಿರುವುದು ಸರಿಯಾಗಿದೆ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿದು ಕುಗ್ಗುತ್ತದೆ. ಅದರ ಮೇಲಿನ ಡಾಂಬರು ಒಡೆಯದಿದ್ದರೂ ಅಲೆಯಂತೆ ಬಾಗುತ್ತದೆ. ಒಂದು ಅಲೆಯಿಂದ ಇನ್ನೊಂದಕ್ಕೆ 10 ಮೀಟರ್ ಇದೆಯೆಂದು ತಿಳಿಯಿರಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಸಾಗುವುದರಿಂದ, ಸೆಕೆಂಡಿಗೆ 2.2 ಬಾರಿ ರಸ್ತೆ ಅದನ್ನು ಮೇಲಕ್ಕೆ ನೂಕುತ್ತದೆ. ಮೇಲೆ ಹೇಳಿದ 8 ಕೆಜಿಯ ಸ್ಪ್ರಿಂಗ್ ತಾನಾಗಿ ತೂಗುವುದು 2.4 ಬಾರಿ. ತೊಟ್ಟಿಲನ್ನು ಅದರ ಲಯಕ್ಕೆ ಸರಿಯಾಗಿ ತೂಗಿದರೆ ತೂಗು ಹೆಚ್ಚುತ್ತದಲ್ಲ, ಇಲ್ಲಿಯೂ ಹಾಗೆಯೇ ರಸ್ತೆಯ ಲಯವೂ ಸ್ಪ್ರಿಂಗ್‌ನ ಲಯವೂ ಕೂಡಿಬಿಟ್ಟಿವೆ. ಮೆತ್ತಗಿನ ಸ್ಪ್ರಿಂಗ್ ಇರುವ ಗಾಡಿಗೆ ಇದೇ ತೊಂದರೆ ಕಡಿಮೆ ವೇಗದಲ್ಲಿ ಬರುತ್ತದೆ, ಆದರೆ ಅದರ ಶಾಕ್ ಅಬ್ಸಾರ್ಬರ್‌ಗೆ ಅದನ್ನು ಅಡಗಿಸುವುದು ಸುಲಭ. ನಿಮ್ಮ ಗೆಳೆಯರು ಸ್ಪ್ರಿಂಗ್ ಮಾತ್ರ ಮೆತ್ತಗಿನದಕ್ಕೆ ಬದಲಿಸಲು ಆಗುತ್ತದೆಯೇ ಎಂದು ಕಿಟ್ ಮಾರಿದವರನ್ನು ಕೇಳಲಿ. ಹಲವು ಕಿಟ್‌ಗಳಲ್ಲಿ ಅದೇ ಒಳವ್ಯಾಸದ, ಬೇರೆ ಬಿಗಿಯ ಸ್ಪ್ರಿಂಗ್ ಸಿಗುತ್ತದೆ. ಅದಾದ ಮೇಲೆ ರಿಬೌಂಡ್ ಅನ್ನು ಹೊಸದಾಗಿ ಹೊಂದಿಸಬೇಕು.

ಪ್ರಶ್ನೆ (ಗಂಗಾವತಿಯಿಂದ):
ಅಣ್ಣಾ, ನಮ್ಮ ಯಜಮಾನರು ಯಾರೋ ಬಳಸಿದ ಕಿಟ್ ಒಂದನ್ನು ನೋಡಿ ಬಂದಿದ್ದಾರೆ, ಮೋನೋಟ್ಯೂಬ್ ಅಂತೆ. ದಿನಾ ಆ ಕಾರನ್ನು ಕಾಲುವೆ ದಾರಿಯಲ್ಲಿ ಶಾಲೆಗೆ ಓಡಿಸುವವಳು ನಾನು. ಕೊಳ್ಳಬಹುದೇ? ಆರ್‌ಟಿಓದವರಿಂದ ತೊಂದರೆ ಬರುವುದೇ?

ಉತ್ತರ:
ತಂಗೀ, ಓಡಿಸುವವರೇ ಕೇಳಿದ್ದು ಒಳ್ಳೆಯದಾಯಿತು. ಮೋನೋಟ್ಯೂಬ್ ಎಂದರೆ ಒಂದೇ ಕೊಳವೆಯ ಶಾಕ್ ಅಬ್ಸಾರ್ಬರ್. ಅದರಲ್ಲಿ ಆಯಿಲ್ ಮತ್ತು ಒತ್ತಡದ ಗ್ಯಾಸ್ ಬೇರೆ ಬೇರೆ ಕೋಣೆಯಲ್ಲಿ ಇರುವುದರಿಂದ ಆಯಿಲ್ ನೊರೆಯಾಗುವುದಿಲ್ಲ, ಬಿಸಿಯೂ ಬೇಗ ಹೊರಹೋಗುತ್ತದೆ. ನಮ್ಮ ಬೇಸಿಗೆಗೆ ಅದು ಒಳ್ಳೆಯ ಗುಣ. ಆದರೆ ಬಹುತೇಕ ಮೋನೋಟ್ಯೂಬ್‌ಗಳಲ್ಲಿ ಪಿಸ್ಟನ್ ಓಡುವುದು ಹೊರಗೆ ಕಾಣುವ ಕೊಳವೆಯ ಒಳಗೋಡೆಯ ಮೇಲೆಯೇ. ಒಂದು ಕಲ್ಲು ಸಿಡಿದು ಕೊಳವೆ ತಗ್ಗಾದರೂ ಪಿಸ್ಟನ್ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡು ಕೊಳವೆಗಳ ಟ್ವಿನ್‌ಟ್ಯೂಬ್ ಅಂಥ ಪೆಟ್ಟನ್ನು ತಾಳಿಕೊಳ್ಳುತ್ತದೆ. ಕೊಳವೆಯ ಉದ್ದಕ್ಕೂ ಬೆರಳಾಡಿಸಿ ತಗ್ಗು ಹುಡುಕಿ. ಹೊಳೆಯುವ ರಾಡ್ ಮೇಲೆ ಉಗುರಿಗೆ ಸಿಗುವಷ್ಟು ಚುಕ್ಕೆ ಅಥವಾ ಗೀರು ಇದ್ದರೆ ಸೀಲ್ ಹೆಚ್ಚು ದಿನ ಉಳಿಯುವುದಿಲ್ಲ. ಕಾಲರ್‌ಗಳು ಸ್ಪ್ಯಾನರ್‌ಗೆ ಸಲೀಸಾಗಿ ತಿರುಗಬೇಕು. ಸಂಡೂರಿನ ದಾರಿಯಲ್ಲಿ ಓಡಿದ ಒಂದು ಗಾಡಿಯಲ್ಲಿ ಕೆಂಪು ಧೂಳು ನೀರಿನೊಡನೆ ಸೇರಿ ಥ್ರೆಡ್‌ನಲ್ಲಿ ಸಿಮೆಂಟಿನಂತೆ ಕೂತು, ಕಾಲರನ್ನು ಕೊಯ್ದು ತೆಗೆಯಬೇಕಾಯಿತು. ಹಾಕಿಸಿದ ಮೇಲೆ ರಾಡ್‌ಗೆ ಡಸ್ಟ್ ಬೂಟ್ (ಧೂಳು ತಡೆಯುವ ಕವಚ) ಇರಲೇಬೇಕು. ವರ್ಷಕ್ಕೆರಡು ಸಲ ಥ್ರೆಡ್ ಅನ್ನು ಬ್ರಷ್‌ನಿಂದ ತೊಳೆದು, ಒಣಗಿಸಿ, ಕಾಲರನ್ನು ತುಸು ತಿರುಗಿಸಿ ಮತ್ತೆ ಅಳತೆಗೆ ತನ್ನಿ. ಸಾದಾ ಗ್ರೀಸ್ ಹಚ್ಚಬೇಡಿ, ಅದು ಧೂಳನ್ನೇ ಹಿಡಿಯುತ್ತದೆ.

ಕಾನೂನಿನ ವಿಷಯ ಹಗುರವಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಂದ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಕಲಂ, ಕಾಯ್ದೆ ಒಪ್ಪದ ಬದಲಾವಣೆಗೆ ಮಾಲೀಕರ ಮೇಲೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಆದ್ದರಿಂದ ಹಣ ಕೊಡುವ ಮೊದಲೇ ಕಿಟ್‌ನ ವಿವರ ಹಿಡಿದು ಆರ್‌ಟಿಓ ಕಚೇರಿಯಲ್ಲಿ ಕೇಳಿ, ವಿಮಾ ಕಂಪನಿಗೆ ಪತ್ರ ಬರೆದು ಉತ್ತರ ತರಿಸಿಕೊಳ್ಳಿ. ಮಕ್ಕಳು ಕೂರುವ ಗಾಡಿಗೆ ವಿಮೆ ನಿರಾಕರಣೆಯ ಭಯ ಉಳಿಯಬಾರದು.

ಕೂರಿಸುವ ದಿನ ಯಜಮಾನರು ಎದುರಿಗಿದ್ದು ಎರಡು ಸಂಗತಿ ನೋಡಿಕೊಳ್ಳಲಿ. ಬುಷ್‌ಗಳ ಬೋಲ್ಟ್‌ಗಳನ್ನು ಚಕ್ರಗಳು ನೆಲದ ಮೇಲಿದ್ದು ಗಾಡಿಯ ತೂಕ ಬಿದ್ದಾಗಲೇ ಕೊನೆಯ ಬಿಗಿತ ಮಾಡಬೇಕು. ಜ್ಯಾಕ್ ಮೇಲೆ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ರಾಡ್‌ನ ಮೇಲಿನ ನಟ್ಟನ್ನು ಗಾಳಿಯ ಗನ್‌ನಿಂದ ಬಿಗಿಯಬಾರದು. ಎತ್ತರ ಬದಲಾದರೆ ಟೋ (ಮೇಲಿನಿಂದ ನೋಡಿದಾಗ ಚಕ್ರದ ಕೋನ) ಮತ್ತು ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು) ಎರಡೂ ಬದಲಾಗುವುದರಿಂದ ಅಂದೇ ವೀಲ್ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್‌ನ ಕೋನವನ್ನೂ ಸರಿಪಡಿಸಿಕೊಳ್ಳಿ. 500 ಕಿಲೋಮೀಟರ್ ಓಡಿದ ಮೇಲೆ ಹೊಸ ಸ್ಪ್ರಿಂಗ್ ತುಸು ಕೂತಿರುತ್ತದೆ. ಆಗ ನಾಲ್ಕೂ ಮೂಲೆಗಳ ಎತ್ತರವನ್ನು ಅಳೆದು, ಬೋಲ್ಟ್‌ಗಳನ್ನು ಪರೀಕ್ಷಿಸಿ, ಅಲೈನ್‌ಮೆಂಟ್ ಅನ್ನು ಇನ್ನೊಮ್ಮೆ ನೋಡಿಸಿ. ಎರಡೂ ಬಾರಿಯ ಅಲೈನ್‌ಮೆಂಟ್ ಚೀಟಿಗಳನ್ನು ಇಲ್ಲಿ ಹಾಕಿದರೆ ನಾನೇ ಓದಿ ಹೇಳುತ್ತೇನೆ.