‘ರೈಸ್’ ಎಂಬ ಮನೆತನದ ಹೆಸರಿಗೂ ಅಕ್ಕಿಗೂ ನಂಟುಂಟೇ?

ಮಾನ್ಯರೇ,

ಶಾಸನಗಳನ್ನು ಓದುವವರೆಲ್ಲರೂ ಬಿ. ಎಲ್. ರೈಸ್ ಅವರನ್ನು ಬಲ್ಲರು. 1837ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡು ಸಂಪುಟಗಳಲ್ಲಿ ಸುಮಾರು 9000 ಶಾಸನಗಳನ್ನು ನಮ್ಮ ಕೈಗಿತ್ತ ಆ ಮಹನೀಯರ ಹೆಸರಿನ ಕೊನೆಯ ಪದಕ್ಕೆ ‘ಅಕ್ಕಿ’ ಎಂದೇ ಅರ್ಥ ಹೇಳುವುದನ್ನು ನಾನು ಹಲವು ಬಾರಿ ಕೇಳಿದ್ದೇನೆ. ಕನ್ನಡಿಗರಿಗೆ ಈ ಊಹೆ ಹೊಳೆಯುವುದು ಸಹಜ. ಉತ್ತರ ಕರ್ನಾಟಕದಲ್ಲಿ ಅಕ್ಕಿ, ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಅಡ್ಡಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ಇಂಗ್ಲಿಷಿನಲ್ಲಿಯೂ ‘ಪೆಪ್ಪರ್’ ಎಂಬ ಮನೆತನದ ಹೆಸರು ಮೆಣಸಿನ ವ್ಯಾಪಾರದಿಂದಲೇ ಬಂದದ್ದು. ಆದರೂ ‘ರೈಸ್’ ಆ ಗುಂಪಿಗೆ ಸೇರಿದ್ದಲ್ಲ.

ಇದು ಮೂಲತಃ ‘ರೀಸ್’ ಎಂಬ ವೆಲ್ಷ್ ಹೆಸರು, ಅಂದರೆ ಬ್ರಿಟನ್ನಿನ ವೇಲ್ಸ್ ನಾಡಿನದು. ಅದಕ್ಕೆ ಸಾಮಾನ್ಯವಾಗಿ ಉತ್ಸಾಹ, ಆವೇಶ ಎಂಬ ಅರ್ಥವನ್ನು ಹೇಳುತ್ತಾರೆ. ವೇಲ್ಸಿನಲ್ಲಿ ಮನೆತನದ ಸ್ಥಿರವಾದ ಹೆಸರನ್ನು ಇಟ್ಟುಕೊಳ್ಳುವ ವಾಡಿಕೆ ಬಹುಕಾಲ ಇರಲಿಲ್ಲ. ಮಗನ ಹೆಸರಾದ ಮೇಲೆ ತಂದೆಯ ಹೆಸರನ್ನು ಇಟ್ಟು, ನಡುವೆ ‘ಅಪ್’ ಎಂಬ ಪದವನ್ನು ಸೇರಿಸುತ್ತಿದ್ದರು. ‘ಮಗ’ ಎಂಬರ್ಥದ ‘ಮಾಬ್’ ಎಂಬ ಪದವೇ ಸವೆದು, ವ್ಯಂಜನದ ಮುಂದೆ ‘ಅಪ್’ ಎಂದೂ ಸ್ವರದ ಮುಂದೆ ‘ಅಬ್’ ಎಂದೂ ಆಯಿತು. ನಮ್ಮ ವೀರಗಲ್ಲುಗಳಲ್ಲಿ ಸತ್ತವನನ್ನು ‘ಇಂಥವನ ಮಗ’ ಎಂದು ಗುರುತಿಸಿರುವುದನ್ನು ನೋಡಿದವರಿಗೆ ಈ ಕ್ರಮ ಹೊಸದೆನಿಸದು. 1176ರಲ್ಲಿ ಕಾರ್ಡಿಗನ್ ಕೋಟೆಯಲ್ಲಿ ಕವಿಗಳನ್ನೂ ವಾದ್ಯಗಾರರನ್ನೂ ಕೂಡಿಸಿ ಸ್ಪರ್ಧೆ ನಡೆಸಿದ, ದಕ್ಷಿಣ ವೇಲ್ಸನ್ನು ಆಳಿದ ರೀಸ್ ಅಪ್ ಗ್ರಿಫಿದ್ ಎಂದರೆ ಗ್ರಿಫಿದನ ಮಗ ರೀಸ್ ಎಂದಷ್ಟೇ ಅರ್ಥ.

ಹದಿನಾರನೆಯ ಶತಮಾನದಲ್ಲಿ, ಎಂಟನೆಯ ಹೆನ್ರಿಯ ಕಾಲದ ಕಾಯಿದೆಗಳಿಂದ ವೇಲ್ಸ್ ಇಂಗ್ಲಿಷ್ ಕಾನೂನಿನ ಅಧೀನಕ್ಕೆ ಬಂದ ಮೇಲೆ, ತಲೆಮಾರಿಗೊಮ್ಮೆ ಬದಲಾಗುತ್ತಿದ್ದ ಈ ಹೆಸರುಗಳು ಮೊದಲು ಸಿರಿವಂತರ ಮನೆಗಳಲ್ಲಿ, ಆಮೇಲೆ ನಿಧಾನವಾಗಿ ಉಳಿದವರಲ್ಲಿ ಸ್ಥಿರಗೊಂಡವು. ದಕ್ಷಿಣ ವೇಲ್ಸಿನ ಡಿನೆವರ್ ಮನೆತನದ ವಂಶಾವಳಿಯಲ್ಲಿ ಈ ಬದಲಾವಣೆ ಕಣ್ಣಿಗೆ ಕಟ್ಟುವಂತಿದೆ. 1485ರ ಬಾಸ್ವರ್ತ್ ಯುದ್ಧದಲ್ಲಿ ಮುಂದೆ ಏಳನೆಯ ಹೆನ್ರಿಯಾಗಿ ಇಂಗ್ಲೆಂಡನ್ನು ಆಳಿದ ಹೆನ್ರಿ ಟ್ಯೂಡರನ ಪರವಾಗಿ ನಿಂತವನು ರೀಸ್ ಅಪ್ ಥಾಮಸ್. ಅವನ ಮಗ ಗ್ರಿಫಿದ್ ಅಪ್ ರೀಸ್. ಮೊಮ್ಮಗ, 1531ರಲ್ಲಿ ಮರಣದಂಡನೆಗೆ ಗುರಿಯಾದ ರೀಸ್ ಅಪ್ ಗ್ರಿಫಿದ್. ಮರಿಮಗ ಮತ್ತೊಬ್ಬ ಗ್ರಿಫಿದ್. ಆ ಗ್ರಿಫಿದನ ಮಗ ವಾಲ್ಟರ್ ಹಳೆಯ ಕ್ರಮದಲ್ಲಿ ‘ವಾಲ್ಟರ್ ಅಪ್ ಗ್ರಿಫಿದ್’ ಆಗಬೇಕಿತ್ತು. ಅವನು ವಾಲ್ಟರ್ ರೈಸ್ ಆದನು. ಅಜ್ಜನ ಹೆಸರು ಮನೆತನದ ಹೆಸರಾಗಿ ನೆಲೆನಿಂತದ್ದು ಅಲ್ಲಿಯೇ. ಇದೇ ಮನೆತನದವರು ಇಪ್ಪತ್ತನೆಯ ಶತಮಾನದಲ್ಲಿ ‘ರೈಸ್’ ರೂಪವನ್ನು ಬಿಟ್ಟು ‘ರೀಸ್’ ಎಂಬ ಹಳೆಯ ರೂಪಕ್ಕೆ ಮರಳಿದರು.

‘ರೀಸ್’ ಎಂಬುದು ‘ರೈಸ್’ ಆದದ್ದು ಹೇಗೆ? ಇಂಗ್ಲಿಷಿನಲ್ಲಿ ಹದಿನೈದನೆಯ ಶತಮಾನದಿಂದ ಮೊದಲ್ಗೊಂಡು ದೀರ್ಘಸ್ವರಗಳೆಲ್ಲ ಪಲ್ಲಟಗೊಂಡವು, ಈಕಾರವು ಐಕಾರವಾಯಿತು. ‘ಈಸ್’ ಎಂದಿದ್ದ ಮಂಜುಗಡ್ಡೆ ‘ಐಸ್’ ಆದಂತೆ, ಇಂಗ್ಲಿಷರ ಬಾಯಲ್ಲಿ ರೀಸ್ ರೈಸ್ ಆಯಿತು. ಹಳೆಯ ಫ್ರೆಂಚಿನಿಂದ ‘ರೀಸ್’ ಎಂದೇ ಬಂದಿದ್ದ ಅಕ್ಕಿಯ ಹೆಸರಿಗೂ ಅದೇ ಪಲ್ಲಟ ತಗುಲಿತು. ಹೀಗೆ ಬೇರೆ ಬೇರೆ ಮೂಲಗಳಿಂದ ಬಂದ ಎರಡು ಪದಗಳು ಒಂದೇ ಉಚ್ಚಾರಣೆಯಲ್ಲಿ, ಒಂದೇ ಕಾಗುಣಿತದಲ್ಲಿ ಬಂದು ಕೂಡಿದವು. ಇಂತಹ ಕೂಡಿಕೆಯನ್ನು ನಂಟೆಂದು ತಿಳಿಯುವುದೇ ತಪ್ಪಿಗೆ ಮೂಲ.

‘ಪ್ರೈಸ್’ ಎಂಬ ಮನೆತನದ ಹೆಸರಿಗೂ ಬೆಲೆಗೂ ಸಂಬಂಧವಿಲ್ಲ. ಅದು ‘ಅಪ್ ರೀಸ್’. ಅಲ್ಲಿ ‘ಮಗ’ ಎಂಬ ಇಡೀ ಪದವು ಒಂದು ಪಕಾರವಾಗಿ ಉಳಿದುಕೊಂಡಿದೆ. ಇದನ್ನು ಮೊದಲು ತಿಳಿದಾಗ ನನಗೆ ಬಹಳ ಸಂತೋಷವಾಯಿತು. ಪೊವೆಲ್ ಎಂದರೆ ಅಪ್ ಹೊವೆಲ್, ಪ್ರಿಚರ್ಡ್ ಎಂದರೆ ಅಪ್ ರಿಚರ್ಡ್, ಬೊವೆನ್ ಎಂದರೆ ಅಬ್ ಓವೆನ್.

ಒಂದು ಎಚ್ಚರಿಕೆ ಅಗತ್ಯ. ಅಮೆರಿಕಕ್ಕೆ ಹೋದ ಕೆಲವು ಜರ್ಮನ್ ಮನೆತನಗಳು ತಮ್ಮ ‘ರೈಸ್’ ಎಂಬ ಬೇರೆಯೇ ಹೆಸರನ್ನು ಇಂಗ್ಲಿಷ್ ಕಾಗುಣಿತಕ್ಕೆ ಹೊಂದಿಸಿಕೊಂಡವು. ಆದ್ದರಿಂದ ಹೆಸರೊಂದನ್ನೇ ನೋಡಿ ಯಾರ ಹಿರಿಯರೂ ವೇಲ್ಸಿನವರೆಂದು ನಿರ್ಣಯಿಸಬಾರದು. ನಮ್ಮ ಶಾಸನತಜ್ಞರ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ.

ಈಗ ನನ್ನ ಪ್ರಶ್ನೆ. ತಲೆಮಾರಿಗೊಮ್ಮೆ ಬದಲಾಗುವ ‘ಅಪ್ ರೀಸ್’ ಬಗೆಯದನ್ನು ‘ಪಿತೃನಾಮ’ ಎಂದೂ, ಸ್ಥಿರಗೊಂಡ ‘ಪ್ರೈಸ್’ ಬಗೆಯದನ್ನು ‘ಅಡ್ಡಹೆಸರು’ ಎಂದೂ ಕರೆಯುವುದು ಸರಿಯೆಂದು ನನಗೆ ತೋರುತ್ತದೆ. ಆದರೆ ಹಳೆಯ ಮೈಸೂರು ಭಾಗದಲ್ಲಿ ‘ಅಡ್ಡಹೆಸರು’ ಎಂದರೆ ಊರವರು ಕರೆಯುವ ಹೆಸರೆಂದು ತಿಳಿಯುವವರಿದ್ದಾರೆ. ಧಾರವಾಡ, ಬೆಳಗಾವಿ ಕಡೆಯವರು ಈ ಪದವನ್ನು ಮನೆತನದ ಹೆಸರಿಗೆ ಮಾತ್ರ ಬಳಸುತ್ತಾರೆಯೇ, ಅಥವಾ ಅಲ್ಲಿಯೂ ಎರಡೂ ಅರ್ಥಗಳು ನಡೆಯುತ್ತವೆಯೇ ಎಂಬುದನ್ನು ದಯವಿಟ್ಟು ತಿಳಿಸಬೇಕು.