ಬ್ರೇಕು, ಸರ್ವಿಸು: ಭಾನುವಾರ ಮೇಸ್ತ್ರಿ ಕೈಗೆ ಸಿಕ್ಕಾಗ

ಅಡ್ಮಿನ್: ದಾವಣಗೆರೆ ಹಳೇ ಕಾರಿನವರಿಗೆಲ್ಲ ನಮಸ್ಕಾರ. ಇವತ್ತು ಮೇಸ್ತ್ರಿ ಗ್ಯಾರೇಜಿಗೆ ರಜಾ ಹಾಕಿ ಮನೇಲಿದಾರೆ. ಬ್ರೇಕು, ಸರ್ವಿಸು ಏನಿದ್ರೂ ಕೇಳಿ. ಒಬ್ಬರಿಗೆ ಒಂದೇ ಪ್ರಶ್ನೆ. ಗುಡ್ ಮಾರ್ನಿಂಗ್ ಫೋಟೊ ಹಾಕಬೇಡಿ.

ವಿದ್ಯಾನಗರ: ಬ್ರೇಕ್ ಪ್ಯಾಡ್ ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಮೇಸ್ತ್ರಿ? 2012ರ ಗಾಡಿ, 90,000 ಓಡೈತಿ.

ಮೇಸ್ತ್ರಿ: ಕಿಲೋಮೀಟರ್ ಲೆಕ್ಕ ಬ್ಯಾಡ್ರಿ ಸಾರ್, ದಪ್ಪ ನೋಡ್ರಿ. ಹೊಸ ಪ್ಯಾಡಿನ ಲೈನಿಂಗ್, ಅಂದ್ರೆ ಚಕ್ರದ ಡಿಸ್ಕಿಗೆ ತಿಕ್ಕೋ ಪದರ, 10 ಮಿ.ಮೀ. ಹತ್ರ ಇರ್ತೈತಿ, 3ಕ್ಕೆ ಬಂತಂದ್ರೆ ಮುಗೀತು. ದಿನಾ ಅಶೋಕ ರಸ್ತೆ ಗೇಟು, ಪಿ.ಬಿ. ರೋಡು ಅಂತ ನಿಂತು ನಿಂತು ಓಡಾಡೋ ಗಾಡೀಲಿ 25,000ಕ್ಕೇ ಸವೆದಿದ್ದು ನೋಡೀನಿ, ಹೈವೇ ಗಾಡೀಲಿ 50,000 ದಾಟಿದ್ದೂ ನೋಡೀನಿ. 10,000ಕ್ಕೊಮ್ಮೆ ಚಕ್ರ ಬಿಚ್ಚಿಸ್ರಿ. ಒಳಗಿನ ಪ್ಯಾಡನ್ನೂ ನೋಡ್ರಿ. ಪ್ಯಾಡನ್ನ ಡಿಸ್ಕಿಗೆ ಒತ್ತೋ ಕ್ಯಾಲಿಪರಿನ ಪಿನ್ ಜಾಮಾಗಿದ್ರೆ ಹೊರಗಿಂದು ಅರ್ಧ ಇರ್ತೈತಿ, ಒಳಗಿಂದು ತಗಡಿಗೆ ಬಂದಿರ್ತೈತಿ.

ಶಾಮನೂರು ರೋಡ್: ಎಸಿ ಗ್ಯಾಸ್ ತುಂಬಿಸಕ್ಕೆ ಎಷ್ಟಾಗ್ತೈತಿ?

ನಿಟುವಳ್ಳಿ: ಇದು ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಬಂತು. "ಬ್ರೇಕ್ ಕಿರುಗುಟ್ಟುತ್ತಿದೆಯೇ? ಡಿಸ್ಕಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಡಿ. ಮೆಕ್ಯಾನಿಕ್‌ಗಳು ಮುಚ್ಚಿಟ್ಟ ಗುಟ್ಟು! ಹತ್ತು ಜನಕ್ಕೆ ಕಳಿಸಿ." ನಿಜಾನಾ?

ಮೇಸ್ತ್ರಿ: ಬಿಟ್ಟೀರಾ?

ನಿಟುವಳ್ಳಿ: ಇನ್ನೂ ಇಲ್ಲ.

ಮೇಸ್ತ್ರಿ: ಪುಣ್ಯ. ಬ್ರೇಕ್ ಹಿಡಿಯೋದೇ ತಿಕ್ಕಾಟದಿಂದ, ಅಲ್ಲಿಗೆ ಎಣ್ಣೆ ಬಿಟ್ರೆ ಏನ್ ಹಿಡೀತೈತ್ರಿ? ಒಂದ್ಸಲ ಎಣ್ಣೆ ಕುಡಿದ ಪ್ಯಾಡ್ ಒರೆಸಿದ್ರೆ ಸರಿ ಹೋಗಲ್ಲ, ಎಸೀಬೇಕು. ಎಷ್ಟೋ ಪ್ಯಾಡಲ್ಲಿ ಒಂದು ಸಣ್ಣ ತಗಡು ಇಟ್ಟಿರ್ತಾರೆ. ಲೈನಿಂಗ್ ಸವೆದಾಗ ಅದು ಡಿಸ್ಕಿಗೆ ತಾಗಿ ಕೀರ್ ಅಂತೈತಿ. ಅದು ಕೂಗೋದು ನಿಮ್ಮನ್ನ ಕರೆಯಕ್ಕೆ. ಅದರ ಬಾಯಿಗೆ ಎಣ್ಣೆ ಬಿಟ್ಟು ಸುಮ್ನಿರಿಸಬ್ಯಾಡ್ರಿ.

ಎಂಸಿಸಿ ಬಿ ಬ್ಲಾಕ್: ಪ್ಯಾಡ್ ಎಷ್ಟು ಕಿ.ಮೀ.ಗೆ ಚೇಂಜ್ ಮಾಡಿಸಬೇಕು ಸಾರ್?

ಮೇಸ್ತ್ರಿ: ಮೇಲೆ ಬರ್ದೀನಿ.

ಹರಿಹರ ಮೇಷ್ಟ್ರು: ನನ್ನದು ಸ್ವಲ್ಪ ಉದ್ದ, ಬೇಜಾರಾಗಬೇಡಿ. 2010ರ ಡಿಸೈರ್, ಡೀಸೆಲ್, 1,42,000 ಓಡಿದೆ. ಹೋದ ವಾರ ಮನೆಮಂದಿ ಐದು ಜನ ಉಡುಪಿಗೆ ಹೊರಟಿದ್ವಿ. ಆಗುಂಬೆ ಘಾಟಿಯ 14 ತಿರುವಿನಲ್ಲಿ ಏಳೋ ಎಂಟೋ ಇಳಿದಿರಬೇಕು, ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಒತ್ತಿದ ಪೆಡಲ್ ಮೆತ್ತಗೆ ನೆಲಕ್ಕೇ ಹೋಯಿತು. ಹ್ಯಾಂಡ್‌ಬ್ರೇಕ್ ಎಳೆದು ಗುಡ್ಡದ ಬದಿಗೆ ನಿಲ್ಲಿಸಿದೆ. ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ ಏನೂ ಆಗಿಲ್ಲವೇನೋ ಅನ್ನೋ ಹಾಗೆ ಪೆಡಲ್ ಗಟ್ಟಿ! ಊರಿಗೆ ಬಂದು ಒಂದು ಕಡೆ ತೋರಿಸಿದೆ, ಎಲ್ಲ ಓಕೆ ಅಂದರು. ನಾಳಿದ್ದು ಸಂತೇಬೆನ್ನೂರಲ್ಲಿ ಮದುವೆ. ಹೋಗಬಹುದಾ?

ಮೇಸ್ತ್ರಿ: ಓಕೆ ಅಲ್ಲ ಮೇಷ್ಟ್ರೇ. ಕೂತು ಓದ್ರಿ.

ಪೆಡಲ್ ಒತ್ತಿದ್ರೆ ಚಕ್ರದ ತನಕ ಬಲ ಹೊತ್ತೊಯ್ಯೋದು ಬ್ರೇಕ್ ಆಯಿಲ್. ಅದು ಕುಗ್ಗಲ್ಲ, ಅದಕ್ಕೇ ಪೆಡಲ್ ಗಟ್ಟಿ ಇರ್ತೈತಿ. ಆದ್ರೆ ಈ ಆಯಿಲ್ಲು ಮಳೆಗಾಲದ ಉಪ್ಪಿನ ಥರ, ಗಾಳಿಯಲ್ಲಿರೋ ನೀರು ಎಳ್ಕೊತೈತಿ. ಡಾಟ್ 3, ಡಾಟ್ 4 ಅಂತ ಇದರಲ್ಲಿ ದರ್ಜೆ ಅದಾವೆ. ಹೊಸ ಡಾಟ್ 3 ಆಯಿಲ್ 205 ಡಿಗ್ರಿ ತನಕ ಕುದಿಯಲ್ಲ. ನೀರು ಕುಡಿದ ಮೇಲೆ 140ಕ್ಕೇ ಕುದೀಬಹುದು. ಡಾಟ್ 4ಕ್ಕೆ 230, ನೀರು ಸೇರಿದ್ರೆ 155. ಘಾಟೀಲಿ ಬ್ರೇಕ್ ಮೇಲೆ ಕಾಲಿಟ್ಕೊಂಡೇ ಇಳಿದ್ರೆ ಕ್ಯಾಲಿಪರ್ ಕಾದು ಆಯಿಲ್ ಕುದ್ದು ಉಗಿ ಆಗ್ತೈತಿ. ಉಗಿ ಕುಗ್ತೈತಿ, ಪೆಡಲ್ ನೆಲಕ್ಕೆ ಹೋಗ್ತೈತಿ. ತಣ್ಣಗಾದ್ರೆ ಮತ್ತೆ ಆಯಿಲ್ಲು, ಮತ್ತೆ ಗಟ್ಟಿ. ನಿಂತ ಗಾಡೀಲಿ ಒತ್ತಿ ನೋಡಿದವರಿಗೆ ಓಕೆ ಅಂತಲೇ ಕಾಣೋದು.

ಆದ್ರೂ ಬರೀ ಏಳೆಂಟು ತಿರುವಿಗೆ ಇಷ್ಟು ಕಾಯಬಾರದು. ಅದು ನಂಗೆ ಸರಿ ಕಾಣ್ತಿಲ್ಲ. ಮೂರು ವಿಷಯ ಹೇಳ್ರಿ: ಬ್ರೇಕ್ ಆಯಿಲ್ ಬದಲಿಸಿದ್ದು ಯಾವಾಗ? ಹೊರಡೋ ಮುಂಚೆ ಯಾರಾದ್ರೂ ಬ್ರೇಕ್ ಆಯಿಲ್ ಡಬ್ಬಿಗೆ ಏನಾದ್ರೂ ಹಾಕಿದ್ರಾ? ಈಗ ಗಾಡಿ ಹಗುರಾಗಿ ಉರುಳ್ತೈತಾ?

ದುರ್ಗದ ಹುಡುಗ: ಇದಕ್ಕೆ ಇಷ್ಟು ಉದ್ದ ಬೇಕಾ? ಘಾಟೀಲಿ ನ್ಯೂಟ್ರಲ್ ಹಾಕಿ ಬಿಡ್ಬೇಕು. ಡೀಸೆಲ್ಲೂ ಉಳೀತದೆ.

ನಿವೃತ್ತ ಬಸ್ ಚಾಲಕ: ಯಪ್ಪಾ, ನ್ಯೂಟ್ರಲ್ಲಾ? ಯಾವ ಗೇರಲ್ಲಿ ಹತ್ತೀಯೋ ಅದೇ ಗೇರಲ್ಲಿ ಇಳೀಬೇಕು. ನನಗೆ ಕಲಿಸಿದ ಮೊದಲ ಪಾಠ ಅದು.

ದುರ್ಗದ ಹುಡುಗ: ಅದು ನಿಮ್ ಕಾಲದ ಬಸ್ಸಿಗೆ ಅಜ್ಜಾ.

ಮೇಸ್ತ್ರಿ: ಈಗಿನ ಇಂಜೆಕ್ಷನ್ ಗಾಡೀಲಿ ಗೇರಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದ್ರೆ ಡೀಸೆಲ್ ಪೂರಾ ಕಟ್ ಆಗ್ತೈತಿ. ನ್ಯೂಟ್ರಲ್ಲಲ್ಲಿ ಎಂಜಿನ್ ತನ್ನನ್ನ ಓಡಿಸ್ಕೊಳ್ಳಕ್ಕೆ ಕುಡಿತಾನೇ ಇರ್ತೈತಿ. ಉಳಿಯೋದು ಏನೂ ಇಲ್ಲ. ಇನ್ನು ಎಂಜಿನ್ ಆಫ್ ಮಾಡಿ ಇಳಿಯೋ ಮಹಾತ್ಮರೂ ಅದಾರೆ. ಪೆಡಲ್ ಹಗುರ ಮಾಡೋ ಬೂಸ್ಟರಿನ ವ್ಯಾಕ್ಯೂಮ್ ಎರಡು ಮೂರು ಒತ್ತಿಗೆ ಖಾಲಿ, ಆಮೇಲೆ ಪೆಡಲ್ ಕಲ್ಲು.

ದುರ್ಗದ ಹುಡುಗ: ನಾನು ಹತ್ತು ವರ್ಷದಿಂದ ಹಂಗೇ ಓಡಿಸ್ತಿದೀನಿ, ಏನೂ ಆಗಿಲ್ಲ.

ವಿದ್ಯಾನಗರ: ದುರ್ಗದ ಜೋಗಿಮಟ್ಟಿ ಬಿಟ್ಟು ಬೇರೆ ಏರು ನೋಡಿದ್ರೆ ತಾನೇ.

ದುರ್ಗದ ಹುಡುಗ: ನಿಮ್ ಊರಲ್ಲಿ ರೋಡ್ ಹಂಪು ಬಿಟ್ರೆ ಏರೇ ಇಲ್ಲ. ಬೆಣ್ಣೆ ದೋಸೆ ತಿಂದು ಮಲಗೋರು ಘಾಟಿ ಬಗ್ಗೆ ಹೇಳ್ತಾರೆ.

ಅಡ್ಮಿನ್: ಊರಿನ ಜಗಳ ಬೇಡ.

ಶಾಮನೂರು ರೋಡ್: ಎಸಿ ಗ್ಯಾಸ್?

ಹರಿಹರ ಮೇಷ್ಟ್ರು: ಮೇಸ್ತ್ರಿ, ಆಯಿಲ್ ಚೇಂಜ್ ಅಂದರೆ ಎಂಜಿನ್ ಆಯಿಲ್ ಅಂತಲೇ ತಿಳಿದಿದ್ದೆ. ಬ್ರೇಕಿಂದು ಬದಲಿಸಿದ ನೆನಪೇ ಇಲ್ಲ. ಹೊರಡೋ ಹಿಂದಿನ ದಿನ ಬ್ರೇಕಿನ ಕೆಂಪು ಲೈಟ್ ಬಂತು, ಡಬ್ಬಿಯಲ್ಲಿ ಕಡಿಮೆಯಿತ್ತು. ಅಂಗಡಿ ಹುಡುಗ ಸ್ವಲ್ಪ ಹಾಕಿದ.

ಮೇಸ್ತ್ರಿ: ಪ್ಯಾಡ್ ಸವೆದಂಗೆ ಡಬ್ಬಿ ಲೆವೆಲ್ ಇಳೀತೈತಿ. ಇಲ್ಲಾ ಎಲ್ಲೋ ಸೋರ್ತಿರ್ತೈತಿ. ಹಾಕಿ ತುಂಬಿಸಿದ್ರೆ ಲೈಟ್ ಆರ್ತೈತಿ, ರೋಗ ಉಳೀತೈತಿ. ಇರ್ಲಿ. ಹಾಕಿದ ಆಯಿಲ್ ಬಣ್ಣ ಯಾವುದು?

ಕೊಂಡಜ್ಜಿ ರೈತ: 10 ವರ್ಷ ಆದ ಡೀಸೆಲ್ ಗಾಡಿ ಸೀಜ್ ಮಾಡ್ತಾರಂತೆ, ವಿಡಿಯೋ ಬಂದೈತಿ. ಸರ್ವಿಸ್ ಮಾಡಿಸಿ ದಂಡ ಅಲ್ವಾ?

ವಿದ್ಯಾನಗರ: ಅದು ದಿಲ್ಲಿ ಸುತ್ತಮುತ್ತಲಿನ ರೂಲು. ಇಲ್ಲಿ 15 ವರ್ಷ ಆದ್ಮೇಲೆ ಎಫ್‌ಸಿ (ಫಿಟ್‌ನೆಸ್) ಮಾಡಿಸಿ ಆರ್‌ಸಿ ಐದು ವರ್ಷಕ್ಕೆ ರಿನ್ಯೂ. 2022ರ ಏಪ್ರಿಲ್‌ನಲ್ಲಿ ಕಾರಿಗೆ ಫೀಸು 5,000 ಮಾಡಿದ್ರು, ಹಸಿರು ತೆರಿಗೆ ಬೇರೆ.

ಕೊಂಡಜ್ಜಿ ರೈತ: ಐದು ಸಾವ್ರನಾ?! ಮೆಕ್ಕೆಜೋಳದ ರೇಟ್ ನೋಡೀರಾ?

ಮೇಸ್ತ್ರಿ: ಮೇಷ್ಟ್ರೇ, ಬಣ್ಣ.

ಹರಿಹರ ಮೇಷ್ಟ್ರು: ನಿಜ ಹೇಳಿಬಿಡ್ತೀನಿ. ಅಂಗಡಿ ಹುಡುಗ ಅಲ್ಲ, ನನ್ನ ಭಾವಮೈದ. ಅವನ ಟ್ರಾಕ್ಟರ್ ಶೆಡ್ಡಲ್ಲಿದ್ದ ಬಾಟಲಿ ತಂದು ಹಾಕಿದ. ಕೆಂಪಗಿತ್ತು.

ಮೇಸ್ತ್ರಿ: ಅದು ಬ್ರೇಕ್ ಆಯಿಲ್ ಅಲ್ಲ. ಬ್ರೇಕ್ ಆಯಿಲ್ ಹೊಸದಿದ್ದಾಗ ತಿಳಿ ಹಳದಿ. ಕೆಂಪು ಅಂದ್ರೆ ಪವರ್ ಸ್ಟೀರಿಂಗ್ ಆಯಿಲ್ಲೋ ಗೇರ್ ಬಾಕ್ಸಿಂದೋ ಇರಬೇಕು. ಬ್ರೇಕಿನ ರಬ್ಬರಿಗೆ ಅದು ವಿಷ. ಈಗಲೇ ಬಾನೆಟ್ ಎತ್ತಿ ಡಬ್ಬಿ ಮುಚ್ಚಳ ತೆಗೆದು ಒಳಗಿನ ರಬ್ಬರಿನ ಫೋಟೊ ಹಾಕ್ರಿ.

ಹರಿಹರ ಮೇಷ್ಟ್ರು: ಗಾಡಿ ಮನೇಲಿಲ್ಲ. ಬೆಣ್ಣೆ ದೋಸೆ ತರ್ತೀನಿ ಅಂತ ಮಗ ದಾವಣಗೆರೆಗೆ ಹೋಗಿದಾನೆ.

ಮೇಸ್ತ್ರಿ: ಫೋನ್ ಮಾಡ್ರಿ. ಎಲ್ಲಿದಾನೋ ಅಲ್ಲೇ ನಿಲ್ಲಿಸಲಿ.

ದುರ್ಗದ ಹುಡುಗ: ನೋಡಿದ್ರಾ, ಎಲ್ಲಾ ದೋಸೆಯಿಂದಲೇ.

ನಿವೃತ್ತ ಬಸ್ ಚಾಲಕ: ಬಾಯಿ ಮುಚ್ಚೋ.

ನಿಟುವಳ್ಳಿ: ಇನ್ನೊಂದು ಬಂದಿದೆ ನೋಡಿ. "ಡ್ರಮ್ ಸ್ವಚ್ಛಗೊಳಿಸಲು ಸೀಮೆಎಣ್ಣೆ..."

ಮೇಸ್ತ್ರಿ: ಅದನ್ನ ಕಳಿಸಿದವರಿಗೇ ಕುಡಿಸ್ರಿ.

ಎಂಸಿಸಿ ಬಿ ಬ್ಲಾಕ್: ಸಾರ್ ನನ್ನ ಪ್ರಶ್ನೆಗೆ ಸರಿಯಾಗಿ ಉತ್ತರ ಬಂದಿಲ್ಲ. ಎಷ್ಟು ಕಿ.ಮೀ.?

ಮೇಸ್ತ್ರಿ: 3 ಮಿಲಿಮೀಟರ್.

ಎಂಸಿಸಿ ಬಿ ಬ್ಲಾಕ್: ಇದೇನು ಮರ್ಯಾದೆ?

ಹರಿಹರ ಮೇಷ್ಟ್ರು: ಬಾತಿ ಗುಡ್ಡದ ಹತ್ತಿರ ನಿಲ್ಲಿಸಿದಾನೆ. ಬರ್ತಾ ಬರ್ತಾ ಗಾಡಿ ಎಳೀತಿರಲಿಲ್ಲವಂತೆ, ಮೂರನೇ ಗೇರ್ ದಾಟಲಿಲ್ಲವಂತೆ. ಮುಂದಿನ ಚಕ್ರದ ಹತ್ತಿರ ಹೋದರೆ ಬಿಸಿ ಹೊಡೀತಿದೆ. ಫೋಟೊ ಹಾಕಿದೀನಿ. ರಬ್ಬರ್ ಎಣ್ಣೆಗೆ ಬಿಟ್ಟ ಹಪ್ಪಳದ ಥರ ಅಲೆ ಅಲೆ ಎದ್ದಿದೆ, ತೆಗೆದದ್ದು ವಾಪಸ್ ಮುಚ್ಚಳದೊಳಗೆ ಕೂರ್ತಿಲ್ಲ ಅಂತಾನೆ.

ಮೇಸ್ತ್ರಿ: ನಾನು ಹೆದರಿದ್ದು ಇದಕ್ಕೇ. ಮುಚ್ಚಳದ ರಬ್ಬರ್ ಹಿಂಗಾಗೈತಿ ಅಂದ್ರೆ ಪೆಡಲ್ ಒತ್ತಿದಾಗ ಆಯಿಲ್ ತಳ್ಳೋ ಮಾಸ್ಟರ್ ಸಿಲಿಂಡರ್ ಒಳಗಿನ ವಾಷರೂ ಉಬ್ಬೈತಿ. ಆಯಿಲ್ ಡಬ್ಬಿಗೆ ವಾಪಸ್ ಬರೋ ತೂತು ಸೂಜಿ ಮೊನೆಯಷ್ಟು. ಅದು ಮುಚ್ಚಿದ್ರೆ ಕಾಲು ತೆಗೆದ್ರೂ ಬ್ರೇಕ್ ಬಿಡಲ್ಲ, ತಾನೇ ಹಿಡ್ಕೊಂಡು ಕಾಯ್ತೈತಿ. ಆಗುಂಬೇಲಿ ಏಳನೇ ತಿರುವಿಗೇ ಕುದ್ದಿದ್ದು ಬರೀ ನಿಮ್ಮ ಕಾಲಿನ ತಪ್ಪಲ್ಲ, ಅರ್ಧ ಈ ಕೆಂಪು ಎಣ್ಣೆದು.

ಹರಿಹರ ಮೇಷ್ಟ್ರು: ತೊಳೆದು ಹೊಸ ಆಯಿಲ್ ಹಾಕಿದರೆ ಆಗಲ್ವಾ? ಮದುವೆ...

ಮೇಸ್ತ್ರಿ: ಆಗಲ್ಲ. ಮಾಸ್ಟರ್ ಸಿಲಿಂಡರ್, ಕ್ಯಾಲಿಪರ್ ಸೀಲು, ಹಿಂದಿನ ವೀಲ್ ಸಿಲಿಂಡರು, ಹೋಸು, ರಬ್ಬರ್ ಇರೋದೆಲ್ಲ ಹೊಸದು ಹಾಕ್ಬೇಕು, ಪೈಪ್ ತೊಳೀಬೇಕು. ಎರಡು ವರ್ಷಕ್ಕೋ 40,000 ಕಿ.ಮೀ.ಗೋ ಒಂದ್ಸಲ ಬ್ರೇಕ್ ಆಯಿಲ್ ಬದಲಿಸಿದ್ರೆ ಕೆಲವು ನೂರು ರೂಪಾಯಲ್ಲಿ ಹೋಗೋದು. ಈಗ ಖರ್ಚು ಕೇಳಬ್ಯಾಡ್ರಿ, ಬಿಚ್ಚಿದ ಮೇಲೆ ಹೇಳ್ತೀನಿ. ಮದುವೆಗೆ ಬಸ್ಸಲ್ಲಿ ಹೋಗ್ರಿ.

ಶಾಮನೂರು ರೋಡ್: ಎಸಿ ಬಗ್ಗೆ ಕೇಳಿ ಒಂದು ಗಂಟೆ ಆಯ್ತು. ಮೇಷ್ಟ್ರುಗಳಿಗೆ ಮಾತ್ರನಾ ಗ್ರೂಪು?

ವಿದ್ಯಾನಗರ: ಕಿಟಕಿ ಇಳಿಸ್ಕೊಳ್ರಿ.

ಮೇಸ್ತ್ರಿ: ನಾನು ಬಾತಿಗೆ ಹೊರಟೆ. ಬ್ಲೀಡರ್ ನಿಪ್ಪಲ್ (ಆಯಿಲ್ ಹೊರಗೆ ಬಿಡೋ ತಿರುಪು) ಸಡಿಲಿಸಿ ಒತ್ತಡ ಇಳಿಸಿದ್ರೆ ಚಕ್ರ ಬಿಡ್ತಾವೆ, ಆಮೇಲೆ ಟೋ ಮಾಡಿಸೋಣ. ಹುಡುಗನಿಗೆ ಹೇಳ್ರಿ: ಬಿಸಿ ಚಕ್ರಕ್ಕೆ ನೀರು ಹೊಡೀಬ್ಯಾಡ, ಡಿಸ್ಕ್ ಸೀಳ್ತೈತಿ. ಹ್ಯಾಂಡ್‌ಬ್ರೇಕ್ ಹಾಕಬ್ಯಾಡ, ಗೇರಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಲಿ. ನೀವು ಆ ಬಾಟಲಿ ಹಿಡ್ಕೊಂಡು ಬರ್ರಿ, ಏನು ಹಾಕೀರಿ ಅಂತ ನೋಡ್ಬೇಕು. ಭಾವಮೈದನ್ನೂ ಕರ್ಕೊಂಡು ಬರ್ರಿ.