ಅಪ್‌ಡೇಟ್: ಜರ್ಮನಿಯಲ್ಲೇ ಉಳಿದೆ, ಬ್ಲೂ ಕಾರ್ಡ್ ಇಲ್ಲದೆ

ಮಾಸ್ಟರ್ಸ್ ಆದ ಮೇಲೆ ಕೆಲಸ ಹುಡುಕಲು ಜರ್ಮನಿ ಕೊಡುವ 18 ತಿಂಗಳಲ್ಲಿ ನಾಲ್ಕೇ ಉಳಿದಿವೆ, ಮುಂದೇನು ಅಂತ ಕೇಳಿದ್ದೆ. ತುಂಬಾ ಜನ 'ಚಾನ್ಸೆನ್‌ಕಾರ್ಟೆ (ಕೆಲಸ ಹುಡುಕಲು ಕೊಡುವ ಇನ್ನೊಂದು ಪರ್ಮಿಟ್) ಮಾಡಿಸು' ಅಂದಿರಿ. ಅದರಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ನನ್ನ 18 ತಿಂಗಳ ಪರ್ಮಿಟ್‌ಗೆ ಆ ಮಿತಿಯೇ ಇಲ್ಲ. ಬಾಡಿಗೆ ಕಟ್ಟಬೇಕಲ್ವಾ? ಹಾಗಾಗಿ ಚಾನ್ಸೆನ್‌ಕಾರ್ಟೆಯನ್ನು ಕೊನೆಯ ದಾರಿಯಾಗಿ ಇಟ್ಟುಕೊಂಡೆ.

ಅಷ್ಟರಲ್ಲಿ ಸಣ್ಣ ಕಂಪನಿಯೊಂದರಿಂದ ಆಫರ್ ಬಂತು, ವರ್ಷಕ್ಕೆ 42,000 ಯೂರೋ. ಪದವೀಧರರಿಗೆ ಕೊಡುವ ಕೆಲಸದ ಪರ್ಮಿಟ್ ಆದ ಬ್ಲೂ ಕಾರ್ಡ್‌ಗೆ, ಹೊಸದಾಗಿ ಪದವಿ ಪಡೆದವರಿಗೂ 2025ರಲ್ಲಿ ಕನಿಷ್ಠ 43,759.80 ಯೂರೋ ಸಂಬಳ ಬೇಕಿತ್ತು. ಎರಡು ಸಾವಿರಕ್ಕೂ ಕಡಿಮೆ ಅಂತರ! ಎರಡು ದಿನ ಊಟ ಸೇರಲಿಲ್ಲ.

ಆಮೇಲೆ ಗೊತ್ತಾಯಿತು, ಪದವೀಧರರಿಗೆ 18ಬಿ ಅಂತ ಇನ್ನೊಂದು ಕೆಲಸದ ಪರ್ಮಿಟ್ ಇದೆ. ನನ್ನ ವಯಸ್ಸಿನವರಿಗೆ ಅಂಥ ನಿಗದಿತ ಮೊತ್ತ ಇಲ್ಲ. ಅದೇ ಕೆಲಸಕ್ಕೆ ಇಲ್ಲಿನವರಿಗೆ ಸಿಗುವಷ್ಟು ಸಂಬಳ ಇದ್ದರೆ ಸಾಕು. ಇಲ್ಲೇ ಓದಿದವರು ಎರಡು ವರ್ಷ ದುಡಿದು, ಪಿಂಚಣಿ ಕಂತು ಕಟ್ಟಿ, ಬಿ1 ಅನ್ನುವ ಮಧ್ಯಮ ಮಟ್ಟದ ಜರ್ಮನ್ ಪಾಸಾದರೆ ಪಿಆರ್‌ಗೂ (ಕಾಯಂ ವಾಸದ ಪರ್ಮಿಟ್) ಅರ್ಜಿ ಹಾಕಬಹುದು.

ಪರ್ಮಿಟ್ ಕೊಡುವ ವಿದೇಶಿಯರ ಕಚೇರಿಯಲ್ಲಿ ಅಪಾಯಿಂಟ್‌ಮೆಂಟ್ ಸಿಗಲೇ ಇಲ್ಲ. ಅವಧಿ ಮುಗಿಯುವ ಮೊದಲೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದ್ದರಿಂದ ಬಚಾವಾದೆ. ಹಾಗೆ ಹಾಕಿದರೆ, ತೀರ್ಮಾನ ಬರುವವರೆಗೂ ಹಳೆಯ ಪರ್ಮಿಟ್ ನಡೆಯುತ್ತದೆ. 18ಬಿ ಪರ್ಮಿಟ್‌ನ ಕಾರ್ಡ್ ಕಳೆದ ವಾರ ಕೈಗೆ ಬಂತು. ಅಮ್ಮನಿಗೆ ಹೇಳಿದರೆ, 'ಹಾಗಾದ್ರೆ ದೀಪಾವಳಿಗೆ ಬರಲ್ವಾ?' ಅಂದರು.